ಒಂದು ಹೋದರೆ ಇನ್ನೊಂದು ಏಳುತ್ತದೆ

ಉಧ್ನಾದಲ್ಲಿ ನಮ್ಮ ಕೆಳಗಿನ ಮನೆಯ ಕಾಕಾ ರಾಯಚೂರು ಕಡೆಯವರು. ಮೂವತ್ತು ವರ್ಷ ಪವರ್‌ಲೂಮ್ ಕಾರ್ಖಾನೆಯಲ್ಲಿ ದುಡಿದವರು. ತೊಂಬತ್ತರ ದಶಕದಲ್ಲಿ ಮಗ್ಗಕ್ಕೆ ಕೈ ಸಿಕ್ಕಿ, ಆಪರೇಷನ್ ಆಗಿ, ಎರಡು ಬಾಟಲಿ ರಕ್ತ ಹಾಕಿಸಿಕೊಂಡಿದ್ದರು. ಈ ಮಳೆಗಾಲದಲ್ಲಿ ಯಾವುದೋ ಜ್ವರಕ್ಕೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಸಿ ಇರುವುದು ಗೊತ್ತಾಯಿತು. ಅಂದು ಹಾಕಿಸಿಕೊಂಡ ರಕ್ತದಿಂದಲೇ ಬಂದಿರಬಹುದು ಎಂದರು ಡಾಕ್ಟರು. ದಾನಿಗಳ ರಕ್ತದಲ್ಲಿ ಈ ವೈರಸ್ ಇದೆಯೇ ಎಂದು ನೋಡುವುದು ನಮ್ಮ ದೇಶದಲ್ಲಿ ಕಡ್ಡಾಯವಾದದ್ದೇ ಈ ಶತಮಾನದ ಆರಂಭದಲ್ಲಿ.

ಹನ್ನೆರಡು ವಾರ ಮಾತ್ರೆ ನುಂಗಿದರೆ ವಾಸಿ ಎಂದು ಕಾಕಾ ಗೆಲುವಾಗಿದ್ದರು. ಅಷ್ಟರಲ್ಲಿ ಡಾಕ್ಟರು ಇನ್ನೊಂದು ಚೀಟಿ ಬರೆದರು. ಹೆಪಟೈಟಿಸ್ ಬಿ ಪರೀಕ್ಷೆ ಆಗುವವರೆಗೆ ಮಾತ್ರೆ ಶುರು ಮಾಡುವಂತಿಲ್ಲ. ಕಾಕಾ ಚೀಟಿ ಹಿಡಿದು ನಮ್ಮ ಮನೆಗೆ ಬಂದರು.

"ಅಲ್ಲೋ ತಮ್ಮಾ, ರೋಗ ಒಂದು, ಪರೀಕ್ಷಾ ಎರಡು ಯಾಕ? ಲ್ಯಾಬಿನವ್ರಿಗೆ ರೊಕ್ಕಾ ಮಾಡಿಕೊಡಾಕೇನು?"

ನನಗೂ ಹಾಗೇ ಅನಿಸಿತ್ತು. ಕಂಪ್ಯೂಟರ್ ಕೆಲಸದವನಿಗೆ ಗೊತ್ತಿರುವ ವೈರಸ್ಸೇ ಬೇರೆ. ಆ ರಾತ್ರಿ ಕೂತು ಓದಿದೆ.

ಎರಡು ವೈರಸ್ ಒಂದೇ ಮೈಗೆ ಹೊಕ್ಕರೆ ಕಷ್ಟ ಇಮ್ಮಡಿ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಕೆಲವು ಜೋಡಿಗಳಲ್ಲಿ ಒಂದು ಇನ್ನೊಂದನ್ನು ಅದುಮಿಡುತ್ತದೆ. ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ 1957ರಲ್ಲೇ, ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ಎಂಬ ವಿಜ್ಞಾನಿಗಳು ಇದರ ಒಂದು ಗುಟ್ಟು ಕಂಡುಹಿಡಿದರು. ಕಾಯಿಸಿ ನಿಷ್ಕ್ರಿಯಗೊಳಿಸಿದ ಫ್ಲೂ ವೈರಸ್ಸನ್ನು ಕೋಳಿಮೊಟ್ಟೆಯ ಒಳಪೊರೆಗೆ ಸೋಕಿಸಿದರೆ, ಆ ಜೀವಕೋಶಗಳು ಒಂದು ವಸ್ತುವನ್ನು ಹೊರಬಿಡುತ್ತವೆ. ಅದು ಮುಂದೆ ಬರುವ ವೈರಸ್ ಬೆಳೆಯದಂತೆ ತಡೆಯುತ್ತದೆ. ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು.

ಈ ಅದುಮುವಿಕೆ ಕೆಲವೊಮ್ಮೆ ರೋಗಿಗೆ ಉಪಕಾರವೇ. ಜಿಬಿವಿ-ಸಿ ಎಂಬ ನಿರುಪದ್ರವಿ ವೈರಸ್ಸೂ ಜೊತೆಗಿದ್ದ ಎಚ್‌ಐವಿ ಸೋಂಕಿತರು ಹೆಚ್ಚು ಕಾಲ ಬದುಕುತ್ತಿದ್ದರೆಂದು 2001ರಲ್ಲಿ ಅಮೆರಿಕ ಮತ್ತು ಜರ್ಮನಿಯ ಸಂಶೋಧಕರು ವರದಿ ಮಾಡಿದರು.

ಹೆಪಟೈಟಿಸ್ ಬಿ ಮತ್ತು ಸಿ ಎರಡೂ ಯಕೃತ್ತಿನ ಕೋಶಗಳಲ್ಲೇ ಬೆಳೆಯುತ್ತವೆ. ಒಟ್ಟಿಗಿದ್ದಾಗ ಸಾಮಾನ್ಯವಾಗಿ ಸಿಯದೇ ಮೇಲುಗೈ. ಬಿ ತಗ್ಗಿ ಕೂರುತ್ತದೆ, ಆದರೆ ಹೋಗುವುದಿಲ್ಲ. ಅದರ ಮೂಲಪ್ರತಿ ಕೋಶದ ನಡುವಿನಲ್ಲೇ ಉಳಿದಿರುತ್ತದೆ. ಹೊಸ ಮಾತ್ರೆಗಳು ಸಿಯನ್ನು ಬೇಗ ಅಳಿಸಿಹಾಕುತ್ತವೆ, ಬಿಯನ್ನು ಮುಟ್ಟುವುದಿಲ್ಲ. ಅದುಮಿದ್ದ ಕೈ ತೆಗೆದಂತಾಗಿ ಬಿ ಮೇಲೇಳುತ್ತದೆ. ಮೊದಲು ಕೊಡುತ್ತಿದ್ದ ಇಂಟರ್‌ಫೆರಾನ್ ಇಂಜೆಕ್ಷನ್ ಎರಡರ ಮೇಲೂ ಕೆಲಸ ಮಾಡುತ್ತಿತ್ತು. ಆದ್ದರಿಂದ ಈ ಅಪಾಯ ಅಷ್ಟಾಗಿ ಕಂಡಿರಲಿಲ್ಲ. 2016ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ 24 ಪ್ರಕರಣಗಳನ್ನು ಮುಂದಿಟ್ಟು ಎಚ್ಚರಿಕೆ ಕೊಟ್ಟಿತು. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರಿಗೆ ಯಕೃತ್ತಿನ ಕಸಿ ಬೇಕಾಯಿತು.

ಎರಡೂ ಹರಡುವ ದಾರಿಗಳು ಹೆಚ್ಚುಕಡಿಮೆ ಒಂದೇ: ರಕ್ತ, ಸೂಜಿ. ಇದೇ ಗುಜರಾತಿನ ಮೊಡಾಸಾದಲ್ಲಿ 2009ರಲ್ಲಿ ಬಳಸಿದ ಸಿರಿಂಜನ್ನೇ ಮತ್ತೆ ಬಳಸಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತದ್ದು ಹಲವರಿಗೆ ನೆನಪಿರಬಹುದು.

ಬೆಳಿಗ್ಗೆ ಕಾಕಾನ ಜೊತೆ ನಾನೇ ಲ್ಯಾಬಿಗೆ ಹೋದೆ. ವರದಿ ಬಂತು. ಬಿ ಇತ್ತು, ಪ್ರಮಾಣ ತೀರಾ ಕಡಿಮೆ. ಡಾಕ್ಟರು ಎರಡಕ್ಕೂ ಮಾತ್ರೆ ಬರೆದರು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಎರಡಕ್ಕೂ ಪರೀಕ್ಷೆ ಮತ್ತು ಔಷಧ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ಊರು ಬಿಟ್ಟು ಬಂದ ನಮ್ಮಂಥವರು ಇದನ್ನು ಕೇಳಿ ಪಡೆಯಬೇಕು.

"ಇಷ್ಟು ವರ್ಷ ಒಳಗ ಒಬ್ಬ ಮಲಗಿದ್ದ ಅಂತ ಗೊತ್ತ ಇರ್ಲಿಲ್ಲ ನೋಡು," ಎಂದರು ಕಾಕಾ. ಈ ವಾರ ಕಾಕಿ ಮತ್ತು ಇಬ್ಬರು ಗಂಡುಮಕ್ಕಳ ಪರೀಕ್ಷೆ ಇದೆ. ಬಿ ಇಲ್ಲವೆಂದು ಬಂದರೆ ಲಸಿಕೆ ಹಾಕಿಸಬೇಕು. ನಿಮ್ಮ ಮನೆಯಲ್ಲೂ ಯಾರಾದರೂ ಹಿಂದೆ ರಕ್ತ ಹಾಕಿಸಿಕೊಂಡಿದ್ದರೆ ಎರಡೂ ಪರೀಕ್ಷೆ ಮಾಡಿಸಿ. ಸಿಗೆ ಮಾತ್ರೆ ಬರೆದರೆ, ನುಂಗುವ ಮೊದಲು ಬಿ ನೋಡಿದ್ದೀರಾ ಎಂದು ಡಾಕ್ಟರನ್ನು ಕೇಳಿ.