ಯಂತ್ರದ ವೇಗ, ಕೆಲಸದ ವೇಗ

ಸಂಕ್ರಾಂತಿಯ ನಂತರ ತೃತೀಯ ವರ್ಷದ ಐಚ್ಛಿಕ ಕನ್ನಡ ತರಗತಿಯ ವಿದ್ಯಾರ್ಥಿಯೊಬ್ಬ ನಮ್ಮ ವಿಭಾಗಕ್ಕೆ ಬಂದಿದ್ದ. ಅಕ್ಕಲಕೋಟ ತಾಲೂಕಿನವನು. ತನ್ನ ಅಜ್ಜಿ ಹಾಡಿದ ಬೀಸುಕಲ್ಲಿನ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದಾನೆ. ಕೆಲವು ಕನ್ನಡದವು, ಕೆಲವು ಮರಾಠಿಯ ಓವಿಗಳು. ಅವನ್ನು ಬರಹಕ್ಕಿಳಿಸಿ ಪುಸ್ತಕವಾಗಿಸಬೇಕು, ಮುಂದೆ ಅದೇ ಗಣಕಯಂತ್ರದಿಂದ ಡಿಟಿಪಿ ಮಾಡಿ ಹೊಟ್ಟೆ ಹೊರೆದುಕೊಳ್ಳಬೇಕು ಎಂಬುದು ಅವನ ಹಂಬಲ. ಕಬ್ಬಿನ ಬಿಲ್ಲಿನ ಹಣವನ್ನು ಕೊಡಲು ತಂದೆ ಒಪ್ಪಿದ್ದಾರೆ. “ಸರ್, ಕೊಳ್ಳುವುದಾದರೆ ಐ9 ಪ್ರೊಸೆಸರಿನದನ್ನೇ ಕೊಳ್ಳಲೆ?” ಎಂದು ಕೇಳಿದ. ಬೇಡವೆಂದೆ. ಏಕೆ ಬೇಡವೆಂಬುದನ್ನು ನಿಮ್ಮೆಲ್ಲರಿಗೂ ಹೇಳಬೇಕೆನಿಸಿತು.

ಇಂಟೆಲ್ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಹೊರತಂದ ಕೋರ್ ಐ9-14900ಕೆ ಎಂಬ ಪ್ರೊಸೆಸರನ್ನೇ ನೋಡಿ. ಅದರಲ್ಲಿ 24 ಕೋರ್‌ಗಳಿವೆ. ಗರಿಷ್ಠ ವೇಗ 6 ಗಿಗಾಹರ್ಟ್ಸ್. ಪೂರ್ಣ ಹೊರೆ ಬಿದ್ದಾಗ ಅದೊಂದೇ 253 ವ್ಯಾಟ್‌ವರೆಗೆ ವಿದ್ಯುತ್ತನ್ನು ಬಳಸಬಲ್ಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೊಲ್ಲಾಪುರ ಸೀಮೆಯಲ್ಲಿ ಅದನ್ನು ತಣ್ಣಗಿಡುವುದಕ್ಕೇ ಪ್ರತ್ಯೇಕ ವೆಚ್ಚ ತಗಲುತ್ತದೆ.

ಕೋರ್‌ಗಳು ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆಂಬ ನಂಬಿಕೆಗೆ ಒಂದು ಮಿತಿಯಿದೆ. ಜೀನ್ ಆಮ್ಡಾಲ್ ಎಂಬ ಗಣಕತಜ್ಞ 1967ರಲ್ಲಿಯೇ ಅದನ್ನು ತೋರಿಸಿಕೊಟ್ಟ. ನಮ್ಮ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ, ಜೋಳದ ಹಿಟ್ಟು ನಾದುವವಳು ಒಬ್ಬಳೇ ಇದ್ದಾಗ ಹತ್ತು ಹಂಚು ಹೂಡಿದರೂ ರೊಟ್ಟಿ ಹತ್ತು ಪಟ್ಟು ಬೇಗ ಏಳುವುದಿಲ್ಲ. ಕೆಲಸದ ಅರ್ಧ ಭಾಗ ಹಂಚಿಕೊಳ್ಳಲಾಗದಂಥದಾದರೆ, ಎಷ್ಟು ಕೋರ್ ಸೇರಿಸಿದರೂ ಒಟ್ಟು ವೇಗ ಇಮ್ಮಡಿಯನ್ನು ಮೀರದು. ಬೆರಳಚ್ಚಿಸುವುದು, ತಿದ್ದುವುದು, ಪುಟ ವಿನ್ಯಾಸ ಮಾಡುವುದು ಬಹುಮಟ್ಟಿಗೆ ಇಂಥ ಕೆಲಸಗಳೇ. ಅಲ್ಲಿ ಯಂತ್ರ ನಮ್ಮ ಬೆರಳಿಗಾಗಿ ಕಾಯುತ್ತಿರುತ್ತದೆ.

ಇನ್ನು ಕನ್ನಡ ಪಠ್ಯದ ಭಾರವೆಷ್ಟು? ಯೂನಿಕೋಡಿನ ಪ್ರಚಲಿತ ರೂಪವಾದ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಪುಟಕ್ಕೆ ಸುಮಾರು 1,500 ಸಂಕೇತಗಳೆಂದು ಹಿಡಿದರೆ 300 ಪುಟಗಳ ಪುಸ್ತಕದ ಪಠ್ಯ ಒಂದೂವರೆ ಮೆಗಾಬೈಟನ್ನೂ ಮುಟ್ಟುವುದಿಲ್ಲ. ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೇ ಅನೇಕ ವೇಳೆ ಇದಕ್ಕಿಂತ ದೊಡ್ಡದು.

ನಮ್ಮ ಕಾಲ ವ್ಯಯವಾಗುವುದು ಬೇರೆಡೆ. ಅಜ್ಜಿಯ ಒಂದು ಪದವನ್ನು ಬರೆದುಕೊಳ್ಳಲು ಮತ್ತೆ ಮತ್ತೆ ಕೇಳಬೇಕು. ಒಂದು ಮಾತು ಕನ್ನಡದ್ದೋ ಮರಾಠಿಯದೋ, ಎರಡೂ ಬೆರೆತದ್ದೋ ಎಂದು ಅವಳನ್ನೇ ವಿಚಾರಿಸಬೇಕು. ನುಡಿಯ ಹಳೆಯ ಅಕ್ಷರವಿನ್ಯಾಸದಲ್ಲಿರುವ ಕಡತವನ್ನು ಯೂನಿಕೋಡಿಗೆ ಪರಿವರ್ತಿಸಿದಾಗ ಉಳಿದುಬಿಡುವ ತಪ್ಪುಗಳನ್ನು ಕಣ್ಣಿಟ್ಟು ಹುಡುಕಬೇಕು. ಈ ಕೆಲಸಗಳಿಗೆ 24 ಕೋರ್‌ಗಳಿಂದ ನೆರವು ಸಿಗದು.

ದುಬಾರಿ ಪ್ರೊಸೆಸರ್ ಯಾರಿಗೂ ಬೇಡವೆಂಬುದು ನನ್ನ ವಾದವಲ್ಲ. ದಿನವಿಡೀ ಚಲನಚಿತ್ರ ಸಂಕಲನ, ಮೂರು ಆಯಾಮದ ಚಿತ್ರಗಳ ರಚನೆ, ದೊಡ್ಡ ತಂತ್ರಾಂಶಗಳ ನಿರ್ಮಾಣ ಮಾಡುವವರಿಗೆ ಉಳಿದ ಪ್ರತಿ ಗಂಟೆಯೂ ಹಣವೇ. ಸಾವಿರಾರು ಪುಟಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಒಡ್ಡುವಾಗಲೂ ಹೆಚ್ಚಿನ ಕೋರ್‌ಗಳು ಉಪಯುಕ್ತ. ಆದರೆ ಆ ಕೆಲಸವನ್ನು ಸಾಧಾರಣ ಯಂತ್ರಕ್ಕೂ ರಾತ್ರಿ ಒಪ್ಪಿಸಿ ಮಲಗಬಹುದು. ಕರಡು ತಿದ್ದುವ ಹಗಲುಗಳು ಮಾತ್ರ ಕಡಿಮೆಯಾಗವು.

ಆದ್ದರಿಂದ ಆ ವಿದ್ಯಾರ್ಥಿಗೆ ನಾನು ಸೂಚಿಸಿದ್ದು ಇಷ್ಟು: ಆರು ಕೋರ್‌ಗಳ ಮಧ್ಯಮ ದರ್ಜೆಯ ಪ್ರೊಸೆಸರ್, 16 ಗಿಗಾಬೈಟ್ ರ‍್ಯಾಮ್, ಒಂದು ಎಸ್‌ಎಸ್‌ಡಿ. ಉಳಿದ ಹಣದಲ್ಲಿ ಒಳ್ಳೆಯ ಮೈಕ್, ಪ್ರತಿ ತೆಗೆದಿಡಲು ಹೊರ ಡಿಸ್ಕ್, ನಮ್ಮ ಭಾಗದ ಭಾರನಿಯಮನಕ್ಕೆ ಅಂಜದಂತೆ ಒಂದು ಯುಪಿಎಸ್. ಮೊಬೈಲ್ ಕೈಜಾರಿ ಬಿದ್ದು ಕೆಟ್ಟರೆ ಪ್ರೊಸೆಸರನ್ನು ಮತ್ತೆ ಕೊಳ್ಳಬಹುದು, ಅಜ್ಜಿಯ ದನಿಯನ್ನು ಎಲ್ಲಿಂದ ತರುವುದು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಶಾಲೆಯಲ್ಲಿ ಕನ್ನಡದ ಗುರುಗಳು ಕಲಿಸಿದರು. ಅಂಥರೂಣ ನೋಡಿ ಕಾಲು ಚಾಚಬೇಕೆಂದು ಮರಾಠಿಯ ಗುರುಗಳೂ ಕಲಿಸಿದರು. ನಾನು ಅದಕ್ಕೆ ಸೇರಿಸುವುದು ಒಂದೇ ಮಾತು: ಹಾಸಿಗೆ ದೊಡ್ಡದಿದ್ದಾಗಲೂ ಕಾಲು ಎಷ್ಟು ಉದ್ದವೆಂದು ಮೊದಲು ನೋಡಿಕೊಳ್ಳಿ. ಕೊಳ್ಳುವ ಮುನ್ನ ಒಂದು ವಾರ ನಿಮ್ಮ ಕೆಲಸವನ್ನು ಗಮನಿಸಿರಿ. ನೀವು ಯಂತ್ರಕ್ಕಾಗಿ ಕಾಯುತ್ತೀರೋ, ಯಂತ್ರ ನಿಮಗಾಗಿ ಕಾಯುತ್ತದೆಯೋ ಬರೆದಿಟ್ಟುಕೊಳ್ಳಿರಿ. ಆ ಲೆಕ್ಕವನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿರಿ.