ಕರುಳಿಗೂ ಉಬ್ಬಸಕ್ಕೂ ಏನು ನಂಟು?

ಸಣ್ಣ ಕರುಳಿನ ಗೋಡೆಯಲ್ಲಿ, 1677ರಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಪೇಯರ್ ವರ್ಣಿಸಿದ ದುಗ್ಧರಸ ಅಂಗಾಂಶದ ಗಂಟುಗಳಿವೆ. ಇವು ದೇಹದ ರಕ್ಷಣಾಕಣಗಳ ಪಾಠಶಾಲೆಗಳು (ಮೇಷ್ಟರಿಗೆ ಬೇರೆ ಹೋಲಿಕೆ ಹೊಳೆಯುವುದೆಂತು!). ಸೂಕ್ಷ್ಮಾಣುಗಳ ಸಂಪರ್ಕವಿಲ್ಲದೆ ಬೆಳೆಸಿದ ಇಲಿಗಳಲ್ಲಿ ಈ ಗಂಟುಗಳು ಸೊರಗಿಯೇ ಉಳಿಯುತ್ತವೆ. ಅವುಗಳ ಶ್ವಾಸನಾಳವೂ ಅಲರ್ಜಿಗೆ ಹೆಚ್ಚು ಕೆರಳುತ್ತದೆ. 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಾರಿನಂಶ ಹೆಚ್ಚಿದ್ದ ಆಹಾರ ತಿಂದ ಇಲಿಗಳಲ್ಲಿ ಆ ಕೆರಳಿಕೆ ತಗ್ಗಿತು.

ಆದ್ದರಿಂದ ಪ್ರತಿ ನೆಗಡಿಗೂ ಮಗುವಿಗೆ ಆಂಟಿಬಯೋಟಿಕ್ ಬೇಡುವುದು ಅವಿವೇಕವೆಂದೇ ನನ್ನ ಅಭಿಪ್ರಾಯ; ನೆಗಡಿಯ ವೈರಸ್ಸನ್ನು ಅದು ಮುಟ್ಟುವುದೂ ಇಲ್ಲ. ಅದಕ್ಕಿಂತಲೂ ದೊಡ್ಡ ಅವಿವೇಕ, 'ಕರುಳು ಶುದ್ಧಿ'ಯ ಮಾತಿಗೆ ಮರುಳಾಗಿ ಉಬ್ಬಸದ ಮಗುವಿನ ಇನ್‌ಹೇಲರನ್ನು ಕಿತ್ತುಕೊಳ್ಳುವುದು. ರಾಗಿಮುದ್ದೆ, ಸೊಪ್ಪಿನ ಸಾರು ಧಾರಾಳವಾಗಿ ಬಡಿಸಿರಿ. ಆದರೆ ಇಲಿಯಲ್ಲಿ ಕಂಡದ್ದು ಮಗುವಿಗೆ ಔಷಧವಾಗಿಲ್ಲ. ನಮ್ಮ ಬಂಧುಗಳಲ್ಲೇ ಕೆಲವರು ಈ ಸಾಹಸಕ್ಕೆ ಕೈಹಾಕಿರುವರೆಂದು ಕೇಳಿ ಇಷ್ಟು ಬರೆದೆ.