ಸಡಿಲ ಶಿಕ್ಷೆಗೆ ಜಡ್ಜನ್ನು ಬೈದರೆ ಸಾಲದು, ಸರ್ಕಾರದ ಕೊರಳಪಟ್ಟಿ ಹಿಡಿಯಿರಿ!

ಕನ್ನಡದ ತರುಣರೇ,

ಅಪರಾಧಿಗೆ ಕಡಿಮೆ ಶಿಕ್ಷೆ ಆಯಿತೆಂಬ ಸುದ್ದಿ ಬಂದರೆ ಸಾಕು, ಬೆಂಗಳೂರಿನ ಚಹಾದಂಗಡಿಯಿಂದ ಸಿಂಧನೂರಿನ ಬಸ್‌ಸ್ಟ್ಯಾಂಡಿನವರೆಗೆ ಒಂದೇ ಮಾತು: "ಜಡ್ಜು ಸಡಿಲ ಬಿಟ್ಟ!" ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ಜಡ್ಜುಗಳ ಕೈ ನಡುಗುತ್ತದೆಯೇ? ಸಿಂಧನೂರನ್ನೇ ನೋಡಿ. ಪ್ರೇಮವಿವಾಹದ ದ್ವೇಷಕ್ಕೆ 2020ರ ಜುಲೈನಲ್ಲಿ ಸುಕಾಲಪೇಟೆಯಲ್ಲಿ ಹುಡುಗನ ಮನೆಯವರನ್ನು ಕೊಚ್ಚಿಹಾಕಿದರು. 2025ರ ಏಪ್ರಿಲ್‌ನಲ್ಲಿ ಸಿಂಧನೂರಿನ ಕೋರ್ಟು ಮೂವರಿಗೆ ಗಲ್ಲು, ಒಂಬತ್ತು ಮಂದಿಗೆ ಜೀವಾವಧಿ ವಿಧಿಸಿತು. ನೆರೆಯ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಕೊಟ್ಟಿತು. ಗಲ್ಲು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ನಮ್ಮ ಸೀಮೆಯ ಜಡ್ಜುಗಳಿಗೆ ಗಟ್ಟಿತನವಿಲ್ಲ ಎಂದು ಮಾತ್ರ ಹೇಳಬೇಡಿ.

ಹಾಗಾದರೆ ಸಡಿಲು ಎಲ್ಲಿದೆ? ಕಾನೂನಿನಲ್ಲಿದೆ!

ಲಿಂಗಸುಗೂರು ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಕೂಲಿಯವನ ಮೇಲೆ ಹರಿಯಿತು ಎಂದುಕೊಳ್ಳಿ. ನಿರ್ಲಕ್ಷ್ಯದ ಸಾವಿಗೆ ಹಳೆಯ ದಂಡಸಂಹಿತೆಯ 304ಎ ಹೇಳಿದ್ದು: ಎರಡು ವರ್ಷದವರೆಗೆ ಜೈಲು, ಇಲ್ಲವೇ ಬರೀ ದಂಡ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ 106ನೇ ಕಲಮು ಹೇಳುವುದು: ಐದು ವರ್ಷದವರೆಗೆ. 'ವರೆಗೆ' ಎಂದರೆ ಏನು? ಒಂದು ದಿನವೂ ಆದೀತು, ಐದು ವರ್ಷವೂ ಆದೀತು! ಮೇಲಿನ ಮಿತಿ ಇದೆ, ಕೆಳಗಿನ ಮಿತಿ ಇಲ್ಲ. ಅದೇ ಮಕ್ಕಳ ಮೇಲಿನ ಅತ್ಯಾಚಾರಕ್ಕೆ ಪೋಕ್ಸೋ ಕಾಯ್ದೆ 2019ರಿಂದ ಕನಿಷ್ಠ ಹತ್ತು ವರ್ಷ ಎಂದು ಗೆರೆ ಎಳೆದಿದೆ. ಯಾವ ಜಡ್ಜೂ ಅದನ್ನು ದಾಟಿ ಕೆಳಗಿಳಿಯುವಂತಿಲ್ಲ. ಗೆರೆ ಎಳೆಯುವವರು ಯಾರು? ಜಡ್ಜಲ್ಲ, ನಾವು ಓಟು ಹಾಕಿ ಕಳಿಸಿದವರು.

ಗೆರೆಗಳ ನಡುವೆ ಎಷ್ಟು ಕೊಡಬೇಕೆಂಬುದಕ್ಕೆ ಈ ದೇಶದಲ್ಲಿ ಮಾರ್ಗಸೂಚಿಯೇ ಇಲ್ಲ. ಬೇಕು ಎಂದವರು ನಮ್ಮವರೇ! ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕನ್ನಡಿಗ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ ಬರೆದುಕೊಟ್ಟಿತು. ದಿಲ್ಲಿ ಅದನ್ನು ಕಪಾಟಿಗೆ ಸೇರಿಸಿತು. ಇಪ್ಪತ್ತು ವರ್ಷದ ಮೇಲೆ ಮೂರು ಹೊಸ ಕಾನೂನು ತಂದಾಗ ಅವಕ್ಕೆ ಹಿಂದಿ ಹೆಸರಿಡಲು ನೆನಪಾಯಿತು, ಮಾರ್ಗಸೂಚಿ ನೆನಪಾಗಲಿಲ್ಲ!

ಇನ್ನು ಬೆಂಗಳೂರಿನ ವಿಧಾನಸೌಧದ ಪಾಲು. ಶಿಕ್ಷೆ ಕಡಿಮೆಯಾಯಿತೆಂದು ಅಪೀಲು ಹೋಗುವ ಅಧಿಕಾರ ಯಾರಿಗಿದೆ ಗೊತ್ತೇ? ಸರ್ಕಾರಕ್ಕೆ. ಹಳೆಯ ಸಂಹಿತೆಯ 377, ಹೊಸದರ 418. ಮಗನನ್ನು ಕಳೆದುಕೊಂಡ ತಾಯಿಗೆ ಆ ಹಕ್ಕಿಲ್ಲ. ಆರೋಪಿ ಖುಲಾಸೆಯಾದರೆ ಆಕೆ ಅಪೀಲು ಹೋಗಬಹುದು, ಶಿಕ್ಷೆ ಸಾಲದು ಎಂದು ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ರಿವಿಷನ್ ಎಂಬ ಕಿರುಬಾಗಿಲು ಇದೆ, ಅದು ಹೈಕೋರ್ಟಿನ ವಿವೇಚನೆ, ಆಕೆಯ ಹಕ್ಕಲ್ಲ. ಅಂದಮೇಲೆ ಕಡಿಮೆ ಶಿಕ್ಷೆ ಹಾಗೆಯೇ ಉಳಿದರೆ ಮೊದಲು ಕೇಳಬೇಕಾದ ಪ್ರಶ್ನೆ: ಸರ್ಕಾರವೇ, ನೀನು ಅಪೀಲು ಹಾಕಿದೆಯಾ? ಜೀವಾವಧಿ ಕೈದಿಯನ್ನು ಅವಧಿಗೆ ಮುನ್ನ ಬಿಡುವ ಕಡತಕ್ಕೂ ಸರ್ಕಾರದ್ದೇ ಸಹಿ. ಬೈಗುಳ ಮಾತ್ರ ಜಡ್ಜಿಗೆ!

ಹಾಗೆಂದು ಜಡ್ಜುಗಳು ತಪ್ಪಿಸಿಕೊಳ್ಳುವಂತಿಲ್ಲ. ಇಷ್ಟೇ ಶಿಕ್ಷೆ ಏಕೆಂದು ಕಾರಣ ಹೇಳುವುದು ಅವರ ಹೊಣೆ. ಆ ಕಾರಣ ನೊಂದವರಿಗೆ ತಿಳಿಯಬೇಡವೇ? ಮಸ್ಕಿಯ ರೈತನ ಕೇಸು ಕಲಬುರಗಿ ಹೈಕೋರ್ಟು ಪೀಠಕ್ಕೆ ಹೋದರೆ ತೀರ್ಪು ಇಂಗ್ಲಿಷಿನಲ್ಲಿ. ಸಂವಿಧಾನದ 348(2)ರಡಿ ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರದ ಹೈಕೋರ್ಟುಗಳಲ್ಲಿ ಹಿಂದಿಗೆ ಅನುಮತಿ ಸಿಕ್ಕಿತು. ಕನ್ನಡಕ್ಕೆ ಕೇಳಿದಾಗ 2012ರಲ್ಲಿ ಇಲ್ಲವೆಂದರು. ಹಿಂದಿಗೊಂದು ನ್ಯಾಯ, ಕನ್ನಡಕ್ಕೊಂದು ನ್ಯಾಯವೇ?

ಅದೇ ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಸಿಕ್ಕಿತು. ಆ ದೊರೆ ಬರೆಸಿದ್ದು ಪಂಡಿತರ ಸಂಸ್ಕೃತದಲ್ಲಲ್ಲ, ಜನಬಳಕೆಯ ಪ್ರಾಕೃತದಲ್ಲಿ. ತನ್ನ ಸ್ತಂಭಶಾಸನದಲ್ಲಿ ವಿಚಾರಣೆಯಲ್ಲೂ ದಂಡನೆಯಲ್ಲೂ ಸಮತೆ ಇರಬೇಕೆಂದ. ಎರಡು ಸಾವಿರ ವರ್ಷದ ಹಿಂದಿನ ರಾಜನಿಗೆ ತಿಳಿದದ್ದು ಇಂದಿನ ಮಂತ್ರಿಗಳಿಗೆ ತಿಳಿಯದೇ?

ತರುಣರೇ, ಬೈದು ಮನೆಗೆ ಹೋಗಬೇಡಿ. ನಿಮ್ಮ ತಾಲೂಕಿನ ಎಷ್ಟು ಕೇಸುಗಳಲ್ಲಿ ಶಿಕ್ಷೆ ಹೆಚ್ಚಿಸಲು ಸರ್ಕಾರ ಅಪೀಲು ಹಾಕಿದೆ ಎಂದು ಮಾಹಿತಿ ಹಕ್ಕಿನಡಿ ಕನ್ನಡದಲ್ಲೇ ಅರ್ಜಿ ಹಾಕಿ. ನೊಂದವರಿಗೂ ಆ ಹಕ್ಕು ಕೊಡಿ, ಶಿಕ್ಷೆಗೆ ಮಾರ್ಗಸೂಚಿ ತನ್ನಿ, ಹೈಕೋರ್ಟಿಗೆ ಕನ್ನಡ ತನ್ನಿ ಎಂದು ನಿಮ್ಮ ಶಾಸಕ, ಸಂಸದರ ಬಾಗಿಲು ಬಡಿಯಿರಿ. ಉತ್ತರ ಸಿಗುವವರೆಗೆ ಅಲ್ಲಿಂದ ಕದಲಬೇಡಿ!